ಹೇಳದೆ ಕತ್ತರಿಸಿದ ಮೂಳೆ

ನಾನು ಪಾಠ ಹೇಳುತ್ತಿದ್ದ ಪ್ರೌಢಶಾಲೆಯ ಪ್ರಯೋಗಾಲಯಕ್ಕೆ ಹೊರಕ್ಕೆ ತೆರೆಯುವ ಹಳೆಯ ಮರದ ಬಾಗಿಲೊಂದಿತ್ತು. ಮಳೆಗಾಲದಲ್ಲಿ ಅದು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಂಡುಬಿಡುತ್ತಿತ್ತು. ಹುಡುಗರು ಹಿಡಿಕೆ ಹಿಡಿದು ಜಗ್ಗಲು ಹೋದರೆ ನಮ್ಮ ಜವಾನ ಗದರುತ್ತಿದ್ದ. ತಾನೇ ಬಂದು ಕೀಲಿನ ತಿರುಪುಗಳನ್ನು ಬಿಚ್ಚಿ, ಬಾಗಿಲನ್ನು ಸರಿಸಿ, ಮತ್ತೆ ಜೋಡಿಸುತ್ತಿದ್ದ. “ಹಿಡಿಕೆ ಕಿತ್ತು ಬಂದರೆ ಮತ್ತೆ ಕೂರುವುದಿಲ್ಲ, ತಿರುಪಾದರೆ ಕೂರುತ್ತದೆ” ಎನ್ನುತ್ತಿದ್ದ. ನಮ್ಮ ಅಕ್ಕನ ಮಂಡಿಯ ವಿಷಯದಲ್ಲಿ ಆ ಮಾತು ನನಗೆ ನೆನಪಾಯಿತು.

ಅಕ್ಕನಿಗೆ 2009ರಲ್ಲಿ ಮಂಡಿ ಬದಲಿಸಿದ್ದು ಬಂಧುಗಳಿಗೆಲ್ಲ ತಿಳಿದಿದೆ. 2023ರ ವೇಳೆಗೆ ಆ ಕೃತಕ ಕೀಲು ಸಡಿಲಗೊಂಡು, ಮಂಡಿಯೂ ಬಿಗಿದು, ಎರಡನೆಯ ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು. ಅದಾದ ಮೇಲೆ ತೆಗೆದ ಎಕ್ಸ್‌ರೇಯಲ್ಲಿ ಕಣಕಾಲಿನ ಮೂಳೆಗೆ ಮೂರು ತಂತಿಗಳನ್ನು ಸುತ್ತಿರುವುದು ಕಂಡಿತು. “ಕೈತಪ್ಪಿ ಮೂಳೆ ಮುರಿದಿದ್ದಾರೆ, ತಂತಿ ಕಟ್ಟಿ ಮುಚ್ಚಿದ್ದಾರೆ” ಎಂದು ಅಕ್ಕನ ಮಗ ಕೆರಳಿದ. ದೂರು ಕೊಡುವ ಮಾತೂ ನಡೆಯಿತು. ನನಗೂ ಸಂಶಯವೇ. ಎಕ್ಸ್‌ರೇಯನ್ನು ಹಿಡಿದು, ಮೂಳೆ ವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮುಂದೆ ಕುಳಿತೆ.

ಆತ ನಕ್ಕು, “ಸರ್, ಇದು ಮುರಿದದ್ದಲ್ಲ, ಬೇಕೆಂದೇ ಬಿಡಿಸಿದ್ದು” ಎಂದು ಒಂದು ಹಾಳೆಯ ಮೇಲೆ ಚಿತ್ರ ಬರೆದ. ಒಮ್ಮೆ ಕೊಯ್ದ ಮಂಡಿಯೊಳಗೆ ಗಡುಸಾದ ನಾರು ತುಂಬಿಕೊಂಡು ಮಂಡಿಚಿಪ್ಪು ಅಲುಗದಂತಾಗುತ್ತದೆಯಂತೆ. ಹಳೆಯ ಕೀಲನ್ನು ತೆಗೆಯಲು ಚಿಪ್ಪು ಪಕ್ಕಕ್ಕೆ ಸರಿಯಲೇಬೇಕು. ಬಲವಂತವಾಗಿ ಎಳೆದರೆ ಚಿಪ್ಪನ್ನು ಕಣಕಾಲಿನ ಮೂಳೆಗೆ ಬಿಗಿದಿರುವ ಸ್ನಾಯುರಜ್ಜು ಬುಡದಿಂದ ಕಿತ್ತುಬರುವ ಅಪಾಯವಿದೆ. ಹಾಗಾದರೆ ಅದನ್ನು ಸರಿಪಡಿಸುವುದು ಬಲು ಕಷ್ಟ. ಕಾಲನ್ನು ನೀಟಾಗಿ ಚಾಚುವ ಶಕ್ತಿಯೇ ಹೋಗಬಹುದು.

ಆದ್ದರಿಂದ ಶಸ್ತ್ರವೈದ್ಯರು ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಯುತ್ತಾರೆ. ಮೊದಲು ಹಳೆಯ ಗಾಯದ ಗುರುತಿನಲ್ಲೇ ಚರ್ಮ ಕೊಯ್ಯುತ್ತಾರೆ. ಗುರುತುಗಳು ಹಲವಿದ್ದರೆ ಸಾಮಾನ್ಯವಾಗಿ ಹೊರಬದಿಯದನ್ನು ಆರಿಸುತ್ತಾರೆ, ಏಕೆಂದರೆ ಅಲ್ಲಿನ ಚರ್ಮಕ್ಕೆ ರಕ್ತ ಹೆಚ್ಚಾಗಿ ಒಳಬದಿಯಿಂದ ಬರುತ್ತದೆ. ಆಮೇಲೆ ಒಳಗಿನ ನಾರನ್ನು ತಾಳ್ಮೆಯಿಂದ ಬಿಡಿಸಿ, ಚಿಪ್ಪನ್ನು ಮಗುಚದೆ ಪಕ್ಕಕ್ಕೆ ಜಾರಿಸುತ್ತಾರೆ. ಹೆಚ್ಚಿನ ಮಂಡಿಗಳಿಗೆ ಇಷ್ಟೇ ಸಾಕಂತೆ. ಸಾಲದಿದ್ದರೆ ಚಿಪ್ಪಿನ ಮೇಲ್ಭಾಗದಲ್ಲಿ, ತೊಡೆಯ ಸ್ನಾಯುರಜ್ಜುವಿಗೆ ಓರೆಯಾಗಿ ಒಂದು ಕತ್ತರಿ ಹಾಕುತ್ತಾರೆ. ನ್ಯೂಯಾರ್ಕಿನ ಜಾನ್ ಇನ್ಸಾಲ್ ಅವರಿಂದ ಬಂದ ಈ ವಿಧಾನದಲ್ಲಿ ಆಮೇಲಿನ ವ್ಯಾಯಾಮವನ್ನೂ ಬದಲಿಸಬೇಕಾಗಿಲ್ಲ. ಕೂನ್ಸ್ ಮತ್ತು ಆಡಮ್ಸ್ ಎಂಬುವರು 1943ರಲ್ಲಿ ಪ್ರಕಟಿಸಿದ ಇನ್ನೊಂದು ವಿಧಾನದಲ್ಲಿ ಆ ರಜ್ಜುವನ್ನೇ ದೊಡ್ಡದಾಗಿ ಕತ್ತರಿಸಿ ಚಿಪ್ಪಿನೊಡನೆ ಕೆಳಕ್ಕೆ ಮಗುಚುತ್ತಾರೆ. ಅದರ ರೂಪಾಂತರಗಳೂ ಇವೆ. ಆದರೆ ಆಮೇಲೆ ಕಾಲು ಪೂರ್ತಿ ನೀಳವಾಗದೆ ಉಳಿಯುವ ಸಂಭವವುಂಟು.

ಅಕ್ಕನಿಗೆ ಮಾಡಿದ್ದು ಮತ್ತೊಂದು ಬಗೆ. ಚಿಪ್ಪಿನ ಕೆಳಗಿನ ರಜ್ಜು ಅಂಟಿಕೊಂಡಿರುವ ಮೂಳೆಯ ಉಬ್ಬನ್ನೇ ಉದ್ದನೆಯ ಚಕ್ಕೆಯಾಗಿ ಬಿಡಿಸಿ, ರಜ್ಜುಸಮೇತ ಸರಿಸಿ, ಕೊನೆಗೆ ತಂತಿಗಳಿಂದ ಅಲ್ಲಿಯೇ ಬಿಗಿಯುವುದು. ಅಮೆರಿಕದ ಲಿಯೋ ವೈಟ್‌ಸೈಡ್ ಅವರು ಇದನ್ನು ಬಳಕೆಗೆ ತಂದವರಲ್ಲಿ ಪ್ರಮುಖರು. ಇದರಲ್ಲಿಯೂ ಅಪಾಯಗಳಿವೆ: ಚಕ್ಕೆ ಕೂಡಿಕೊಳ್ಳದಿರಬಹುದು, ಕಣಕಾಲಿನ ಮೂಳೆಯೇ ಬಿರಿಯಬಹುದು. ಆದರೂ ಮೂಳೆಗೆ ಮೂಳೆ ಬೆಸೆದುಕೊಳ್ಳುತ್ತದೆ. ಕಿತ್ತುಬಂದ ರಜ್ಜು ಹಾಗೆ ಸುಲಭವಾಗಿ ಕೂಡುವುದಿಲ್ಲ. ನಮ್ಮ ಜವಾನನ ತರ್ಕವೂ ಇದೇ ಅಲ್ಲವೇ?

ಹಾಗಾದರೆ ವೈದ್ಯರದು ತಪ್ಪಿಲ್ಲವೇ? ಕೈಯ ತಪ್ಪಿಲ್ಲ, ಬಾಯಿಯ ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಹಿಂದಿನ ರಾತ್ರಿ ಇಂಗ್ಲಿಷಿನ ಒಪ್ಪಿಗೆ ಪತ್ರಕ್ಕೆ ಅಕ್ಕನ ಸಹಿ ಪಡೆದರೇ ಹೊರತು, ಮೂಳೆಯನ್ನು ಬಿಡಿಸಬೇಕಾಗಬಹುದೆಂದು ಯಾರೊಬ್ಬರೂ ಕನ್ನಡದಲ್ಲಿ ಹೇಳಲಿಲ್ಲ. ಇಷ್ಟೆಲ್ಲ ಹೇಳಿದರೆ ರೋಗಿ ಹೆದರುತ್ತಾನೆ, ಯಾವ ಮೆಟ್ಟಿಲಿನವರೆಗೆ ಹೋಗಬೇಕೆಂಬುದು ಒಳಗೆ ನೋಡಿದ ಮೇಲೆಯೇ ನಿಶ್ಚಯವಾಗುತ್ತದೆ ಎಂದು ವೈದ್ಯರು ಹೇಳಬಹುದು. ನಿಜ. ಆದರೆ ಸಾಧ್ಯತೆಯನ್ನು ಸಾಧ್ಯತೆಯೆಂದೇ ಹೇಳಬಹುದಲ್ಲ! ಮೊದಲೇ ತಿಳಿದ ಕಷ್ಟಕ್ಕಿಂತ ಆಮೇಲೆ ಎಕ್ಸ್‌ರೇಯಲ್ಲಿ ಕಂಡ ತಂತಿಯೇ ಮನುಷ್ಯನನ್ನು ಹೆಚ್ಚು ಹೆದರಿಸುತ್ತದೆ. ಹತ್ತು ನಿಮಿಷದ ಒಂದು ಚಿತ್ರ ನಮ್ಮ ಮನೆಯಲ್ಲಿ ಎರಡು ವಾರಗಳ ಸಂಶಯವನ್ನು ತಪ್ಪಿಸುತ್ತಿತ್ತು.

ವೈದ್ಯರಾಗಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ: ಕತ್ತಿ ಹಿಡಿಯುವ ಮುನ್ನ ಸೀಸದ ಕಡ್ಡಿ ಹಿಡಿಯಿರಿ. ಬಂಧುಗಳಲ್ಲಿ ಇನ್ನೊಂದು: ಮೊದಲ ಶಸ್ತ್ರಚಿಕಿತ್ಸೆಯ ವಿವರ, ಹಾಕಿದ ಕೀಲಿನ ಹೆಸರು, ಅಳತೆ ಇರುವ ಕಾಗದಗಳನ್ನು ಎಸೆಯಬೇಡಿ. ಎರಡನೆಯ ಬಾರಿ ಕೊಯ್ಯುವವರಿಗೆ ಅವು ಬಹಳ ಉಪಯುಕ್ತ. ಅಕ್ಕನದು ಸಿಗದೆ ನಾವು ಅಟ್ಟವನ್ನೆಲ್ಲ ಜಾಲಾಡಿದ್ದೆವು.

ಅಕ್ಕನ ಮೂಳೆ ಕೂಡಿಕೊಂಡಿದೆ. ಈಗ ಕೋಲೂರಿಕೊಂಡು ದೇವಸ್ಥಾನಕ್ಕೆ ಹೋಗಿಬರುತ್ತಾಳೆ. ಆ ಚಿತ್ರದ ಹಾಳೆಯನ್ನು ಅವಳ ಮಗ ಎಕ್ಸ್‌ರೇಯೊಂದಿಗೆ ಜೋಪಾನವಾಗಿ ಇಟ್ಟಿದ್ದಾನೆ.