ಇಂಗ್ಲಿಷ್ ಬೈಗುಳ ಯಾರಿಗೆ ತಗುಲುತ್ತೆ?

ಹಳ್ಳಿಯಿಂದ ಹಾಸ್ಟೆಲಿಗೆ ಬಂದ ನಮ್ಮ ಹುಡುಗರ ಬಾಯಿಗೆ ಮೊದಲು ಹತ್ತುವ ಇಂಗ್ಲಿಷ್ ಅಂದ್ರೆ ಬೈಗುಳ. ಬ್ಲಡಿ, ಬಾಸ್ಟರ್ಡ್, ರ‍್ಯಾಸ್ಕಲ್. ಕೇರಿಯ ಬೈಗುಳ ಆಡಿದ್ರೆ ಅನಾಗರಿಕ, ಇಂಗ್ಲಿಷಿನದು ಆಡಿದ್ರೆ ವಿದ್ಯಾವಂತ! ಈ ಭ್ರಮೆಯನ್ನು ಸ್ವಲ್ಪ ಬಿಚ್ಚಿ ನೋಡೋಣ.

‘ವಿಲನ್’ ಅನ್ನೋ ಪದ ತಗೊಳ್ಳಿ. ನಮ್ಮ ಸಿನಿಮಾದಲ್ಲಿ ಬಡವರ ಹೊಲ ಕಸಿಯುವ ಧಣಿಯೇ ವಿಲನ್. ಆದರೆ ಪದದ ಬೇರು ಲ್ಯಾಟಿನ್ನಿನ ‘ವಿಲ್ಲಾ’. ಒಡೆಯನ ಜಮೀನು, ಮನೆ ಎಂದು ಅರ್ಥ. ಅಲ್ಲಿ ದುಡಿಯುವವನು ವಿಲನ್. ಮಧ್ಯಯುಗದ ಇಂಗ್ಲೆಂಡಿನಲ್ಲಿ ಧಣಿಯ ನೆಲಕ್ಕೆ ಕಟ್ಟುಬಿದ್ದು ಗೇಯುತ್ತಿದ್ದ ಜೀತದಾಳಿನ ಹೆಸರದು. ಉತ್ತವನು ದುಷ್ಟನಾದ, ಕೂತು ಉಂಡವನು ‘ನೋಬಲ್’ ಆದ. ‘ನೇವ್’ ಅಂದ್ರೆ ಈಗ ಮೋಸಗಾರ. ಮೊದಲು ಹುಡುಗ, ಆಳುಮಗ. ‘ಬೂರ್’ ಅಂದ್ರೆ ಈಗ ಒರಟ. ಮೊದಲು ಬರೀ ರೈತ. ಈ ಅರ್ಥಗಳನ್ನು ಕೆಡಿಸಿದವರು ಯಾರು? ನೇಗಿಲು ಮುಟ್ಟದೆ ಲೇಖನಿ ಹಿಡಿದವರು.

ನಮ್ಮವರನ್ನೂ ಆ ಭಾಷೆ ಬಿಟ್ಟಿಲ್ಲ. ತಮಿಳುನಾಡಿನ ಪರೈಯರ ಹೆಸರು 17ನೇ ಶತಮಾನದಲ್ಲೇ ಇಂಗ್ಲಿಷಿಗೆ ಹೋಗಿ ‘ಪರಿಯಾ’ ಆಯಿತು. ಪರೈ ಅಂದ್ರೆ ತಮಟೆ. ತಮಟೆಯ ಜನದ ಹೆಸರು ‘ಎಲ್ಲರೂ ದೂರವಿಟ್ಟವನು’ ಅನ್ನೋ ಅರ್ಥದಲ್ಲಿ ಇವತ್ತಿಗೂ ಪತ್ರಿಕೆಗಳಲ್ಲಿ ಅಚ್ಚಾಗ್ತಿದೆ. ಬೀದಿನಾಯಿಗೂ ಬಿಳಿಯರು ‘ಪರಿಯಾ ನಾಯಿ’ ಅಂದರು. ಜನರೆದುರು ನಮ್ಮ ಜಾತಿ ಹೆಸರು ಹಿಡಿದು ಬೈಯುವ ಮೇಲ್ಜಾತಿಯವನಿಗೆ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಶಿಕ್ಷೆ ಇದೆ. ನಿಘಂಟಿಗೆ ಶಿಕ್ಷೆ ಕೊಡೋರು ಯಾರು?

ಇನ್ನು ‘ಬಾಸ್ಟರ್ಡ್’. ಮದುವೆಯಿಲ್ಲದೆ ಹುಟ್ಟಿದ ಮಗು. ಬೈಯೋದು ಮಗನನ್ನು, ಏಟು ಬೀಳೋದು ತಾಯಿಗೆ. ಅಪ್ಪ ಅನ್ನಿಸಿಕೊಂಡವನಿಗೆ ಒಂದು ಮಾತೂ ಇಲ್ಲ. ದೇವದಾಸಿ ಪದ್ಧತಿಯನ್ನು ಕರ್ನಾಟಕ 1982ರಲ್ಲೇ ಕಾನೂನು ಮಾಡಿ ನಿಷೇಧಿಸಿತು. ಆದರೂ ಮುತ್ತು ಕಟ್ಟಿಸಿಕೊಂಡ ನಮ್ಮ ಅಕ್ಕಂದಿರ ಮಕ್ಕಳು ನಮ್ಮ ಜೊತೆಯಲ್ಲೇ ಓದ್ತಾರೆ, ಒಂದೇ ಸಾಲಿನಲ್ಲಿ ಉಣ್ತಾರೆ. ಅವರ ಮುಖ ನೋಡಿಕೊಂಡು ಆ ಪದ ಆಡೋಕೆ ಆಗುತ್ತಾ?

ಹಾಗಾದ್ರೆ ಬಾಯಿ ಮುಚ್ಚಿಕೊಂಡಿರೋದಾ? ಖಂಡಿತ ಅಲ್ಲ. ಸಿಟ್ಟು ನಮ್ಮ ಹಕ್ಕು, ಇಂಗ್ಲಿಷೂ ನಮ್ಮ ಹಕ್ಕು. ಲಾಹೋರಿನ ಸಭೆಯವರು ಭಾಷಣ ರದ್ದು ಮಾಡಿದಾಗ ಬಾಬಾಸಾಹೇಬರು ಬೈದು ಸುಮ್ಮನಾಗಲಿಲ್ಲ. 1936ರಲ್ಲಿ ಅದನ್ನೇ ‘ಅನಿಹಿಲೇಶನ್ ಆಫ್ ಕಾಸ್ಟ್’ ಅಂತ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿದರು, ಇಂಗ್ಲಿಷಿನಲ್ಲೇ. ಯಾರ ಅವ್ವನನ್ನೂ ಬೀದಿಗೆಳೆಯಲಿಲ್ಲ. ಆದರೂ ಗಾಂಧೀಜಿ ಉತ್ತರ ಬರೆಯಲೇಬೇಕಾಯಿತು. ಇಂಗ್ಲಿಷ್ ಕಲಿಯೋದು ಅಂದ್ರೆ ಇದು.

ಗೆಳೆಯರೇ, ಬೈಯೋ ಮುಂಚೆ ಒಂದು ಗಳಿಗೆ ತಡೆದು ಕೇಳಿಕೊಳ್ಳಿ: ಈ ಮಾತು ಧಣಿಗೆ ತಗುಲುತ್ತೋ, ಅವನ ಹೊಲದಲ್ಲಿ ಬೆನ್ನು ಬಗ್ಗಿಸಿರೋ ನಮ್ಮಪ್ಪನಿಗೋ?