ಪುಟ್ಟಕ್ಕನೂ ರಾಧಮ್ಮನೂ

ತುಂಗಭದ್ರೆಗೆ ಅಣೆಕಟ್ಟು ಕಟ್ಟಿ, 1953ರಲ್ಲಿ ಕಾಲುವೆಗೆ ನೀರು ಬಿಟ್ಟ ಮೇಲೆ, ಆಂಧ್ರದ ಕರಾವಳಿಯಿಂದ ಅನೇಕ ರೈತ ಕುಟುಂಬಗಳು ಗಂಗಾವತಿಯ ಸೀಮೆಗೆ ಬಂದು ನೆಲೆಸಿದವು. ಅಲ್ಲಿಯ ಹೊಲವನ್ನು ಮಾರಿದ ಹಣಕ್ಕೆ ಇಲ್ಲಿ ಅದರ ಹಲವು ಪಾಲು ಭೂಮಿ ದೊರೆಯುತ್ತಿತ್ತು. ಅವರು ಬೀಡುಬಿಟ್ಟ ಸ್ಥಳಗಳಿಗೆ ‘ಕ್ಯಾಂಪು’ ಎಂಬ ಹೆಸರು ನಿಂತಿತು. ಬೀಳುಭೂಮಿ ಭತ್ತದ ಗದ್ದೆಯಾಯಿತು. ಶ್ರೀರಾಮನಗರವು ಅಂತಹ ಊರು. ಅಲ್ಲಿ ಮನೆಯೊಳಗಿನ ಮಾತು ತೆಲುಗು, ಸಂತೆಯ ಮಾತು ಕನ್ನಡ. ಈ ಎರಡು ಭಾಷೆಗಳೂ ಒಂದೇ ಕೊಠಡಿಯಲ್ಲಿ ಜಗಳಕ್ಕೆ ನಿಲ್ಲುವಂತೆ ಮಾಡಿದ್ದು ದೂರದರ್ಶನದ ಪೆಟ್ಟಿಗೆ.

ಆ ಊರಿನ ಒಬ್ಬ ದಂಪತಿಗಳ ಮಾತು ಕೇಳಿ. ಯಜಮಾನರು ಇಲ್ಲಿಯೇ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಗಂಗಾವತಿಯ ಅಕ್ಕಿ ಗಿರಣಿಗಳೊಡನೆ ಕನ್ನಡದಲ್ಲಿಯೇ ವ್ಯಾಪಾರ ಮಾಡಿದವರು. ಗೃಹಿಣಿ ಗೋದಾವರಿ ತೀರದಿಂದ ಮದುವೆಯಾಗಿ ಬಂದವರು. ಆಕೆಗೆ 2019ರಲ್ಲಿ ಆರಂಭವಾದ ‘ರಾಧಮ್ಮ ಕೂತುರು’ ಎಂಬ ತೆಲುಗು ಧಾರಾವಾಹಿಯ ಮೇಲೆ ಪ್ರಾಣ. ಯಜಮಾನರು ಮಾತ್ರ, “ಅಳು ಕೇಳುವುದಕ್ಕೆ ಸಂಜೆಯ ಹೊತ್ತು ಹಾಳು ಮಾಡಬೇಕೆ?” ಎಂದು ವೃತ್ತಪತ್ರಿಕೆಯ ಹಿಂದೆ ಅಡಗುತ್ತಿದ್ದರು.

ಹೀಗಿರಲು 2021ರ ಡಿಸೆಂಬರ್ ತಿಂಗಳಿನಲ್ಲಿ ಕನ್ನಡದಲ್ಲಿ ‘ಪುಟ್ಟಕ್ಕನ ಮಕ್ಕಳು’ ಬಂದಿತು. ಪುಟ್ಟಕ್ಕನಾಗಿ ಅಭಿನಯಿಸಿದವರು ಉಮಾಶ್ರೀ. ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಚಿತ್ರದ ಅಭಿನಯಕ್ಕಾಗಿ ರಾಷ್ಟ್ರಪ್ರಶಸ್ತಿ ಪಡೆದ ಕಲಾವಿದೆ. ಮನೆಗೆ ಬಂದ ಟಿ.ವಿ. ಒಂದು ಊರಿನ ಹೆಂಗಸರ ಬದುಕನ್ನು ಹೇಗೆ ಕಲಕುತ್ತದೆಂಬುದೇ ಆ ಚಿತ್ರದ ವಸ್ತುವಾಗಿತ್ತು. ಯಜಮಾನರ ವೃತ್ತಪತ್ರಿಕೆ ಕೆಳಗಿಳಿಯಿತು. ಗಂಡುಮಗುವಾಗಲಿಲ್ಲವೆಂದು ಗಂಡನು ತೊರೆದುಹೋದಾಗ, ಮೆಸ್ಸು ನಡೆಸಿ ಮೂವರು ಹೆಣ್ಣುಮಕ್ಕಳನ್ನು ಸಾಕಿದ ಆ ತಾಯಿಯನ್ನು ಕಂಡು ಅವರ ಕಣ್ಣು ಒದ್ದೆಯಾಯಿತು.

ಗೃಹಿಣಿ ಎರಡು ಸಂಜೆ ನೋಡಿ ನಕ್ಕರು. “ಇದು ನಮ್ಮ ರಾಧಮ್ಮನ ಕಥೆಯೇ. ಸೀರೆ ಬದಲಾಗಿದೆ, ಭಾಷೆ ಬದಲಾಗಿದೆ, ಅಷ್ಟೆ.”

ಆಕೆಯ ಮಾತು ನಿಜವಾಗಿತ್ತು. ಕನ್ನಡದ ಕಥೆ ತೆಲುಗಿನಿಂದಲೇ ಬಂದದ್ದು. ಅಂದಿನಿಂದ ಮನೆಯಲ್ಲಿ ಆಕೆಗೆ ಜ್ಯೋತಿಷಿಯ ಸ್ಥಾನ ದೊರೆಯಿತು. ಎರಡು ವರ್ಷದ ಕಥೆ ಆಕೆಗೆ ಮೊದಲೇ ಗೊತ್ತು. ಯಜಮಾನರು ಒಂದು ದಿನ “ಏನೂ ಹೇಳಬೇಡ” ಎಂದು ಗದರುವರು, ಮರುದಿನ ಊಟದ ನಡುವೆ ತಾವೇ, “ಆ ಹುಡುಗಿಗೆ ಕೇಡೇನೂ ಆಗುವುದಿಲ್ಲವಷ್ಟೆ?” ಎಂದು ಮೆಲ್ಲನೆ ಕೇಳುವರು. ವಾರಪತ್ರಿಕೆಯ ಕಾದಂಬರಿ ಓದುವವರಿಗೆ ಈ ಚಪಲ ಹೊಸದಲ್ಲ.

ಅಭಿಪ್ರಾಯಗಳು ಮಾತ್ರ ಕೂಡಲಿಲ್ಲ. ಯಜಮಾನರ ಕೋಪವೆಲ್ಲ ಸವತಿಯ ಮೇಲೆ. “ಎಂತಹ ವಿಷದ ಹೆಂಗಸು!” ಎಂದು ಅವರು ಹಲ್ಲು ಕಡಿಯುವರು. ಗೃಹಿಣಿ ಒಪ್ಪರು. “ಅವಳನ್ನು ಮನೆಗೆ ತಂದವರು ಯಾರು? ತಪ್ಪು ಮಾಡಿದವನು ಗಂಡಸು. ಬೈಗುಳ ತಿನ್ನಲು ಒಬ್ಬ ಹೆಂಗಸು. ಕಥೆ ಬರೆಯುವವರ ಜಾಣತನ ಇದು. ನೋಡುವ ಗಂಡಸರಿಗೆ ನೋಯಬಾರದಲ್ಲ!”

“ಹಾಗೇಕೆ? ಹೆಣ್ಣುಮಕ್ಕಳೆಂದು ಬಿಟ್ಟುಹೋದವನನ್ನು ನಾನೂ ಮೆಚ್ಚುವುದಿಲ್ಲ” ಎಂದರು ಯಜಮಾನರು.

ಗೃಹಿಣಿ ಸುಮ್ಮನಾದರು. ಆ ಮೌನಕ್ಕೆ ಕಾರಣವಿತ್ತು. ಅವರಿಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು. ಅಜ್ಜನು ಗೋದಾವರಿಯ ಪಿತ್ರಾರ್ಜಿತ ಭೂಮಿ ಮಾರಿ ಇಲ್ಲಿ ಕೊಂಡ ಗದ್ದೆಯನ್ನು ಮಗನ ಹೆಸರಿಗೆ ಮಾಡಬೇಕೆಂದು, ಯುಗಾದಿಗೆ ತವರಿಗೆ ಬರುವ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಲು ಯಜಮಾನರು ಬರವಣಿಗೆ ಮಾಡಿಸಿಟ್ಟಿದ್ದರು. ಸೀರೆ, ಅರಿಶಿನ ಕುಂಕುಮ ಕೊಟ್ಟು ಕಳುಹಿಸುವುದು. ಸುತ್ತಿನ ಹಲವು ಮನೆಗಳಲ್ಲಿ ನಡೆಯುವ ಪದ್ಧತಿ.

ಜಾಹೀರಾತು ಬಂದಾಗ ಗೃಹಿಣಿಯೇ ಮಾತು ತೆಗೆದರು. “ಮನೆಬಿಟ್ಟು ಹೋಗುವುದೊಂದೇ ಬಿಡುವುದಲ್ಲ. ಕಾಗದದಲ್ಲಿ ಬಿಡುವುದೂ ಬಿಡುವುದೇ. ಪುಟ್ಟಕ್ಕನ ಮಕ್ಕಳಿಗಾಗಿ ಅತ್ತಿರಿ. ನಮ್ಮ ಮಕ್ಕಳು ಯಾರ ಮಕ್ಕಳು?”

“ಮದುವೆಗೆ ಕೊಟ್ಟಿಲ್ಲವೇ? ಅವರಾಗಿಯೇ ಸಹಿ ಹಾಕುತ್ತಾರೆ.”

“ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಹಾಕುತ್ತಾರೆ. ಆಂಧ್ರದಲ್ಲಿ ರಾಮರಾಯರ ಸರ್ಕಾರ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಾಗ ನನಗೆ ಮದುವೆಯಾಗಿ ವರ್ಷವಾಗಿತ್ತು, ನನಗೆ ದಕ್ಕಲಿಲ್ಲ. ಇವರಿಗೆ ದಕ್ಕಿದೆ. ಅದನ್ನು ಕಿತ್ತುಕೊಳ್ಳುವವಳು ನಾನಾಗಲಾರೆ.”

ಆಕೆ ಹೇಳಿದ ಲೆಕ್ಕ ಸರಿ. ಆಂಧ್ರದ ತಿದ್ದುಪಡಿ 1985ರ ಸೆಪ್ಟೆಂಬರ್‌ನಿಂದ, ಕರ್ನಾಟಕದ್ದು 1994ರ ಜುಲೈನಿಂದ ಜಾರಿಗೆ ಬಂದವು. ಎರಡೂ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟವು. 2005ರ ಕೇಂದ್ರ ತಿದ್ದುಪಡಿಯು ಆ ಭೇದವನ್ನು ತೆಗೆದು, ಅವಿಭಕ್ತ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ನೀಡಿತು. ಅದು ಹುಟ್ಟಿನಿಂದಲೇ ಬರುವ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಆದರೆ ಕಾನೂನು ಕೊಟ್ಟದ್ದನ್ನು ಹಬ್ಬದ ಸೀರೆಯೊಂದು ಮರಳಿ ಪಡೆಯಬಲ್ಲದು. ಬಿಡುಗಡೆ ಪತ್ರಕ್ಕೆ ಬೇಕಾದದ್ದು ಮಗಳ ಸಹಿ ಮಾತ್ರ, ಅದರ ಹಿಂದಿನ ಮನಸ್ಸನ್ನು ಕಚೇರಿಯಲ್ಲಿ ಯಾರು ಅಳೆಯುವರು?

ಧಾರಾವಾಹಿ ನೋಡಿ ಹೆಂಗಸರು ಕೆಡುತ್ತಾರೆಂಬ ಮಾತು ಹಳೆಯದು. ಈ ಮನೆಯಲ್ಲಿ ಅದು ಮಾಡಿದ ಉಪಕಾರ ಬೇರೆ. ಎದುರಿಗೆ ಆಡಲಾರದ ಮಾತನ್ನು, ಪರದೆಯ ಮೇಲಿನ ಇನ್ನೊಬ್ಬರ ಸಂಸಾರದ ನೆವದಿಂದ ಆಡಲು ಆಕೆಗೆ ಸಾಧ್ಯವಾಯಿತು.

ಯಜಮಾನರು ಅಂದು ಉತ್ತರ ಕೊಡಲಿಲ್ಲ. ಮರುದಿನ ಬೆಳಿಗ್ಗೆ ಮಗನನ್ನು ಕರೆದು, “ಸಬ್‌ರಿಜಿಸ್ಟ್ರಾರ್ ಕಚೇರಿಯ ಕೆಲಸ ಈಗ ಬೇಡ. ಯುಗಾದಿಗೆ ಮೂವರೂ ಸೇರಿದಾಗ, ಮೊದಲು ಅವರನ್ನು ಕೇಳೋಣ” ಎಂದರು. ಮಗನ ಮುಖ ಸಣ್ಣದಾಯಿತು. ಆತನನ್ನು ಒಪ್ಪಿಸುವ ಕೆಲಸ ಇನ್ನೂ ಉಳಿದಿತ್ತು. ಆ ಕಂತಿನ ಮುಂದಿನ ಕಥೆ ಗೃಹಿಣಿಗೂ ತಿಳಿದಿರಲಿಲ್ಲ.