ಊರಿನ ಟಾಕೀಸು ಮತ್ತು ನಾವು

ಹುಟ್ಟೂರಿಗೆ ಹೋದಾಗ ದೇವಸ್ಥಾನ, ಓದಿದ ಶಾಲೆ, ಕೆರೆಯ ಏರಿ ಇವನ್ನೆಲ್ಲ ನೋಡಿಬರುವುದು ನಮ್ಮಲ್ಲಿ ರೂಢಿ. ಪೇಟೆಯ ಹಳೆಯ ಟಾಕೀಸನ್ನು ನೋಡಿಬಂದೆನೆಂದು ಹೇಳುವವರು ವಿರಳ. ಸಣ್ಣ ಊರುಗಳ ಸಾರ್ವಜನಿಕ ಬದುಕಿನಲ್ಲಿ ಆ ಕಟ್ಟಡಕ್ಕಿದ್ದ ಸ್ಥಾನ ಸಾಮಾನ್ಯವಾದುದಲ್ಲ. ಅದನ್ನು ಉಳಿಸುವ ಹೊಣೆಯಲ್ಲಿ, ಪರಸ್ಥಳದಲ್ಲಿ ನೆಲೆಸಿದ ನಮ್ಮ ಪಾಲೂ ಇದೆಯೆಂಬುದು ನನ್ನ ಅಭಿಪ್ರಾಯ.

ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡದ್ದು 1934ರಲ್ಲಿ. ಮುಂದಿನ ದಶಕಗಳಲ್ಲಿ ಎಷ್ಟೋ ಊರುಗಳಿಗೆ ಮೊದಲು ಡೇರೆಯ ಟಾಕೀಸು, ಬಳಿಕ ಕಾಯಂ ಕಟ್ಟಡ ಬಂದವು. ನೆಲ, ಬೆಂಚು, ಕುರ್ಚಿ, ಬಾಲ್ಕನಿ ಎಂಬ ದರ್ಜೆಗಳು ಅಲ್ಲಿಯೂ ಇದ್ದವು, ನಿಜ. ಆದರೆ ಜಮೀನ್ದಾರನೂ ಕೂಲಿಯವನೂ ಒಂದೇ ಸೂರಿನಡಿ ಕುಳಿತು ಒಂದೇ ಮಾತಿಗೆ ನಕ್ಕ ಸ್ಥಳಗಳು ಊರಿನಲ್ಲಿ ಬೇರೆ ಎಷ್ಟಿದ್ದವು? ಗಾರೆಯಲ್ಲಿ ಹೆಸರು ಕೆತ್ತಿದ ಮುಂಭಾಗ, ಕಂಬಿ ಹಾಕಿದ ಇಕ್ಕಟ್ಟಾದ ಟಿಕೆಟ್ ಓಣಿ, ಹೆಂಗಸರಿಗೆ ಪ್ರತ್ಯೇಕ ಕಿಂಡಿ, ಸೈಕಲ್ ಸ್ಟ್ಯಾಂಡು ಇವೆಲ್ಲ ಆ ಕಾಲದ ಸಮಾಜವನ್ನೇ ತೋರುವ ದಾಖಲೆಗಳು. ಯಂತ್ರದ ಕೋಣೆಯ ಕೌಶಲವೂ ಸಣ್ಣದಲ್ಲ. ಎರಡು ಇಂಗಾಲದ ಕಡ್ಡಿಗಳ ನಡುವೆ ಉರಿಯುವ ಬೆಳಕನ್ನು ಆಪರೇಟರು ಎಡೆಬಿಡದೆ ಸರಿಪಡಿಸುತ್ತಿರಬೇಕಾಗಿತ್ತು. 2000 ಅಡಿಯ ಒಂದು ಸುರುಳಿ ಓಡುವುದು ಸುಮಾರು 22 ನಿಮಿಷ. ಅದು ಮುಗಿಯುವ ಕ್ಷಣಕ್ಕೆ ಸರಿಯಾಗಿ ಎರಡನೆಯ ಯಂತ್ರ ಆರಂಭವಾಗಬೇಕು, ಪ್ರೇಕ್ಷಕನಿಗೆ ಅದು ತಿಳಿಯಲೂ ಬಾರದು.

ಇಂಥ ಟಾಕೀಸುಗಳು ಏಕೆ ಮುಚ್ಚುತ್ತಿವೆ? ಸಾಲದ ಅರ್ಜಿಗಳೊಡನೆ ದಿನಗಳೆಯುವ ನನ್ನಂಥವನಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಆರು ನೂರು ಆಸನಗಳ ಮಂದಿರದಲ್ಲಿ ಅರವತ್ತು ಜನ ಕುಳಿತರೂ ನೌಕರರ ವೇತನ, ತೆರಿಗೆ, ಪರವಾನಗಿ ಶುಲ್ಕ ಹತ್ತರಲ್ಲೊಂದು ಪಾಲಿಗೆ ಇಳಿಯುವುದಿಲ್ಲ. ಇತ್ತ ಪೇಟೆಯ ನಡುವಿನ ನಿವೇಶನದ ಬೆಲೆ ವರ್ಷವರ್ಷ ಏರುತ್ತದೆ. ನೆಲವನ್ನು ಮಾರುವುದೇ ಲಾಭವೆಂದು ತೋರಿದಾಗ ಮಾಲೀಕನನ್ನು ಹಳಿದು ಫಲವಿಲ್ಲ. ಮೈಸೂರಿನಂಥ ನಗರದಲ್ಲಿಯೇ ಶಾಂತಲಾ ಚಿತ್ರಮಂದಿರ 2020ರಲ್ಲಿ ಮುಚ್ಚಿತು. 2024ರ ಮೇ ತಿಂಗಳಿನಲ್ಲಿ ನಮ್ಮ ತೆಲಂಗಾಣದ ಅನೇಕ ಏಕಪರದೆಯ ಮಂದಿರಗಳು ಪ್ರೇಕ್ಷಕರಿಲ್ಲದೆ ಕೆಲವು ದಿನ ಪ್ರದರ್ಶನವನ್ನೇ ನಿಲ್ಲಿಸಿದವು.

ಹಾಗೆಂದು ನಿರಾಶರಾಗಬೇಕಿಲ್ಲ. ಸುಲ್ತಾನ್ ಬಜಾರಿಗೆ ಸಮೀಪದ ಕಾಚಿಗುಡದಲ್ಲಿ ತಾರಕರಾಮ ಚಿತ್ರಮಂದಿರ ನವೀಕರಣಗೊಂಡು 2022ರ ಡಿಸೆಂಬರಿನಲ್ಲಿ ಪುನಃ ತೆರೆಯಿತು. ಮುಂಬಯಿಯ ರಾಯಲ್ ಆಪೆರಾ ಹೌಸ್ ದೀರ್ಘಕಾಲ ಮುಚ್ಚಿದ್ದು, ಜೀರ್ಣೋದ್ಧಾರಗೊಂಡು 2016ರಲ್ಲಿ ಬಾಗಿಲು ತೆರೆಯಿತು. ಸಣ್ಣ ಊರಿನವರ ಅಭಿರುಚಿ ಕೀಳೆಂಬ ಮಾತನ್ನಂತೂ ಒಪ್ಪಲಾಗದು. ಮಲೆನಾಡಿನ ಹೆಗ್ಗೋಡಿನಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಂ 1973ರಲ್ಲಿ ಚಿತ್ರಸಮಾಜವನ್ನು ಸ್ಥಾಪಿಸಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಜನರ ಮುಂದಿಟ್ಟಿತು. ಜನ ನೋಡಿದರು, ಚರ್ಚಿಸಿದರು.

ಮಾಲೀಕರ ಕರ್ತವ್ಯವೂ ಇದೆ. ಮುರಿದ ಕುರ್ಚಿ, ನಾರುವ ಶೌಚಾಲಯ, ಗಾಳಿಯಾಡದ ಸಭಾಂಗಣ ಇವನ್ನು ಸಹಿಸಿಕೊಳ್ಳಿರೆಂದು ಹೆಂಗಸರು ಮಕ್ಕಳಿಗೆ ಹೇಳುವುದು ನ್ಯಾಯವಲ್ಲ. ಹೊಸ ಪರದೆಗಿಂತ ಮೊದಲು ಶುಚಿಯಾದ ಶೌಚಾಲಯಕ್ಕೆ ಹಣ ತೊಡಗಿಸಿದರೆ ಕುಟುಂಬಗಳು ಮರಳಿ ಬರುತ್ತವೆ.

ಇನ್ನು ನಮ್ಮ ಕರ್ತವ್ಯ. ಸುಲ್ತಾನ್ ಬಜಾರಿನಲ್ಲಿ ಹಬ್ಬದ ಬಟ್ಟೆ ಕೊಂಡು ಊರಿನ ರೈಲು ಹಿಡಿಯುವ ನಾವು, ರಜೆಯ ಒಂದು ಸಂಜೆಯನ್ನು ಊರಿನ ಟಾಕೀಸಿಗೆ ಮೀಸಲಿಡೋಣ. ಮಕ್ಕಳನ್ನು ಜೊತೆಗೆ ಕರೆದೊಯ್ಯೋಣ. ಆಟ ಮುಗಿದ ಮೇಲೆ ಅನುಮತಿ ಕೇಳಿ ಯಂತ್ರದ ಕೋಣೆಯನ್ನು ತೋರಿಸೋಣ. ಮುಚ್ಚಿಹೋಗಿದ್ದರೆ ಕಟ್ಟಡದ ಮುಂಭಾಗದ ಚಿತ್ರವನ್ನಾದರೂ ತೆಗೆದಿಟ್ಟು, ಹಿರಿಯರಿಂದ ಅದರ ಚರಿತ್ರೆಯನ್ನು ಬರೆದುಕೊಳ್ಳೋಣ. ಮುಚ್ಚಿದ ಬಳಿಕ ನೂರು ಜನ ಮರುಗಿದರೂ ಟಾಕೀಸಿನ ಜಮಾಖಾತೆಗೆ ಒಂದು ರೂಪಾಯಿಯೂ ಸೇರದು. ಬಾಗಿಲು ತೆರೆದಿರುವಾಗ ಕೊಂಡ ನಾಲ್ಕು ಟಿಕೆಟ್ಟುಗಳು ಸೇರುತ್ತವೆ.